ಎಟೋಶಾದಲ್ಲಿ ಟೆಂಟ್: ನಾಲ್ಕೂ ರಾತ್ರಿ ಒಕಾಕುಯೆಯೊದಲ್ಲೇ ಇರೋದಾ?

ಪ್ರಶ್ನೆ: ಆಗಸ್ಟಿನಲ್ಲಿ ಅಮ್ಮನ ಜೊತೆ ನಮೀಬಿಯಾದ ಎಟೋಶಾ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದೇನೆ, ನಾಲ್ಕು ರಾತ್ರಿ. ಕಪ್ಪು ಘೇಂಡಾಮೃಗ ನೋಡಬೇಕೆಂಬುದು ಅಮ್ಮನ ಬಹುದಿನದ ಆಸೆ. ಅಲ್ಲಿನ ಒಕಾಕುಯೆಯೊ ಕ್ಯಾಂಪ್ ಸಾಕಾ, ಹಲಾಲಿ ಕ್ಯಾಂಪಿಗೂ ಹೋಗಬೇಕಾ?

ಉತ್ತರ: ಮೂರು ರಾತ್ರಿ ಒಕಾಕುಯೆಯೊದಲ್ಲೇ ಇರಿ, ಕಣ್ಮುಚ್ಚಿಕೊಂಡು ಹೇಳ್ತೀನಿ. ಕ್ಯಾಂಪಿನ ಅಂಚಿನಲ್ಲೇ ನೀರಿನ ಹೊಂಡ ಇದೆ, ರಾತ್ರಿ ದೀಪ ಹಾಕಿರ್ತಾರೆ. ಬೇಗ ಊಟ ಮುಗಿಸಿ, ಅಮ್ಮನಿಗೆ ಕಂಬಳಿ ಹೊದಿಸಿ, ಬೆಂಚಿನಲ್ಲಿ ಕೂತುಬಿಡಿ. ನಾನು ಹಾಗೆ ಕೂತಿದ್ದಾಗ ಹತ್ತೂವರೆಗೆ ತಾಯಿ ಘೇಂಡಾ ಮರಿ ಸಮೇತ ಬಂತು. ಮರಿ ನೀರು ಹೀರುವ ಸದ್ದು ನಮ್ಮ ತನಕ ಕೇಳಿಸ್ತಿತ್ತು. ತಾಯಿ ತಲೆ ಎತ್ತಿದಾಗ ಚೂಪು ತುಟಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಆ ಚೂಪು ಮೇಲ್ದುಟಿಯೇ ಕಪ್ಪು ಘೇಂಡಾದ ಗುರುತು, ಪೊದೆಯ ಚಿಗುರು ಕೀಳೋಕೆ. ಅಷ್ಟು ಜನರಿದ್ದರೂ ಒಬ್ಬರೂ ಕೆಮ್ಮಲಿಲ್ಲ.

ಇನ್ನೊಂದು ಉತ್ತರ: ಹಲಾಲಿಗೆ ಒಂದು ರಾತ್ರಿ ಕೊಡಿ. ಆದರೆ ಊಟದ ಡಬ್ಬಿ ಹೊರಗೆ ಬಿಡಬೇಡಿ, ಹನಿ ಬ್ಯಾಜರ್ (ತರಕರಡಿ) ಬಂದು ಕಸದ ಬುಟ್ಟಿಯನ್ನೇ ಮಗುಚಿ ಹಾಕುತ್ತೆ. ಸೂರ್ಯ ಮುಳುಗುವಷ್ಟರಲ್ಲಿ ಕ್ಯಾಂಪ್ ಸೇರಿರಬೇಕು, ಆಮೇಲೆ ಗೇಟು ಮುಚ್ಚುತ್ತಾರೆ. ಒಣ ಕಾಲ ಆದ್ದರಿಂದ ಪ್ರಾಣಿಗಳು ನೀರಿಗೆ ಬಂದೇ ಬರುತ್ತವೆ. ಚಳಿ ಮಾತ್ರ ಜಾಸ್ತಿ, ಅಮ್ಮನಿಗೆ ಉಣ್ಣೆ ಟೋಪಿ ಮರೀಬೇಡಿ.

ಪ್ರಶ್ನೆ ಕೇಳಿದವರು: ಮೂರು, ಒಂದು ಅಂತಲೇ ಬುಕ್ ಮಾಡಿದೆ. ಮರಿಯ ವಿಷಯ ಓದಿ ಹೇಳಿದಾಗ ಅಮ್ಮ ಎರಡು ಸಲ ಓದಿಸಿದರು.