ಆರಂಭಕಾಲದ ಅಮೆರಿಕದ ಸಾಹಿತ್ಯ, ಚರಿತ್ರೆಯ ಸಮ್ಮೇಳನಕ್ಕೆ ಹೋಗುವವರಿಗೆ: ಅನುಭವ ಹಂಚಿಕೆ

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಆರಂಭಕಾಲದ ಸಾಹಿತ್ಯ ಮತ್ತು ಚರಿತ್ರೆಯನ್ನು ಕುರಿತು ಫಿಲಡೆಲ್ಫಿಯಾದಲ್ಲಿ ನಡೆಯುವ ಸಮ್ಮೇಳನಕ್ಕೆ ನನ್ನ ಪ್ರಬಂಧ ಆಯ್ಕೆಯಾಗಿದೆ. 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಯೊಂದಕ್ಕೆ ‘ಹೈದರ್ ಅಲಿ’ ಎಂದು ಹೆಸರಿಟ್ಟಿದ್ದು ಮತ್ತು ಅದರ ಬಗ್ಗೆ ಕವಿ ಫಿಲಿಪ್ ಫ್ರೆನೋ ಪದ್ಯ ಬರೆದದ್ದು ನನ್ನ ವಿಷಯ. ಹೊರದೇಶದ ಸಮ್ಮೇಳನ ಇದೇ ಮೊದಲು. ಇಪ್ಪತ್ತು ನಿಮಿಷದಲ್ಲಿ ಎಷ್ಟು ಹೇಳಬೇಕು, ಹೋದಾಗ ಇನ್ನೇನು ಮಾಡಿಕೊಂಡು ಬರಬಹುದು, ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ (ಇಂಗ್ಲಿಷ್ ಅಧ್ಯಾಪಕ, ಮೈಸೂರು)

ಅಭಿನಂದನೆಗಳು. ನಮ್ಮ ವಿಚಾರ ಸಂಕಿರಣಗಳಲ್ಲಿ ವೇದಿಕೆಯ ಮೇಲಿನ ಗಣ್ಯರಿಗೆಲ್ಲ ವಂದನೆ ಹೇಳಿ, ವಿಷಯದ ಹಿನ್ನೆಲೆಯನ್ನು ವಿವರಿಸಿ, ಆಮೇಲೆ ಮುಖ್ಯ ಮಾತಿಗೆ ಬರುವ ರೂಢಿಯಿದೆ. ಅಲ್ಲಿ ಒಂದೇ ಗೋಷ್ಠಿಯಲ್ಲಿ ಮೂರು ನಾಲ್ಕು ಪ್ರಬಂಧಗಳಿರುವುದರಿಂದ ಅಷ್ಟು ಬಿಡುವಿರುವುದಿಲ್ಲ; ಸಮಯ ಮೀರಿದರೆ ಅಧ್ಯಕ್ಷರು ಚೀಟಿ ತೋರಿಸುತ್ತಾರೆ, ನೀವು ಹೆಚ್ಚಿಗೆ ತೆಗೆದುಕೊಂಡ ಪ್ರತಿ ನಿಮಿಷವೂ ಪಕ್ಕದಲ್ಲಿ ಕುಳಿತವರ ಪಾಲಿನದು. ಸಾಹಿತ್ಯದವರು ಬರೆದುಕೊಂಡು ಹೋದದ್ದನ್ನೇ ಓದುವುದು ಅಲ್ಲಿ ಸಾಮಾನ್ಯ, ಅದಕ್ಕೆ ಸಂಕೋಚ ಬೇಡ. ಇಂಗ್ಲಿಷಿನಲ್ಲಿ ಎರಡು ಸಾವಿರದ ನಾನೂರು ಪದಗಳ ಆಸುಪಾಸಿನಲ್ಲಿ ನಿಲ್ಲಿಸಿ, ಮನೆಯಲ್ಲಿ ಗಟ್ಟಿಯಾಗಿ ಓದಿ, ಗಡಿಯಾರ ನೋಡಿಕೊಳ್ಳಿ. ಮೈಸೂರು ಸಂಸ್ಥಾನದ ಚರಿತ್ರೆಯನ್ನು ಒಂದು ವಾಕ್ಯದಲ್ಲಿ ಮುಗಿಸಿ ನೇರವಾಗಿ ಪದ್ಯಕ್ಕೆ ಬನ್ನಿ ಎಂಬುದು ನನ್ನ ಸಲಹೆ.

ಉತ್ತರ (ಚರಿತ್ರೆಯ ಸಂಶೋಧಕಿ, ಬೆಂಗಳೂರು)

ಇಷ್ಟು ದೂರ ಹೋಗುವವರು ಸಮ್ಮೇಳನವನ್ನಷ್ಟೇ ಮುಗಿಸಿಕೊಂಡು ಬರಬಾರದು, ಅದರ ಮುಂಚೆಯೋ ಆಮೇಲೋ ಗ್ರಂಥಾಲಯಕ್ಕೆಂದೇ ಕೆಲವು ದಿನ ಇಟ್ಟುಕೊಳ್ಳಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ನಿಮ್ಮ ಅದೃಷ್ಟಕ್ಕೆ ಊರು ಫಿಲಡೆಲ್ಫಿಯಾ. ಬೆಂಜಮಿನ್ ಫ್ರ್ಯಾಂಕ್ಲಿನ್ ಮತ್ತು ಗೆಳೆಯರು 1731ರಲ್ಲಿ ಕಟ್ಟಿದ ಲೈಬ್ರರಿ ಕಂಪನಿ ಎಂಬ ಗ್ರಂಥಾಲಯ ಅಲ್ಲಿದೆ, ಅದರ ಪಕ್ಕದಲ್ಲೇ ಪೆನ್ಸಿಲ್ವೇನಿಯಾ ಹಿಸ್ಟಾರಿಕಲ್ ಸೊಸೈಟಿ ಇದೆ. ಫ್ರೆನೋ ಬರೆಯುತ್ತಿದ್ದ ‘ಫ್ರೀಮನ್ಸ್ ಜರ್ನಲ್’ ಪತ್ರಿಕೆಯನ್ನು ಫ್ರಾನ್ಸಿಸ್ ಬೇಲಿ ಎಂಬ ಮುದ್ರಕ 1781ರಿಂದ ಹೊರಡಿಸುತ್ತಿದ್ದದ್ದೂ ಅದೇ ಊರಿನಲ್ಲಿ. ಒಂದು ಪದ್ಯವನ್ನು ಸಂಪಾದಿತ ಸಂಕಲನದಲ್ಲಿ ಓದುವುದಕ್ಕೂ, ಅದು ಅಚ್ಚಾದ ಕಾಲದ ಹಾಳೆಯಲ್ಲಿ ಹಡಗಿನ ಸುದ್ದಿ, ಸರಕಿನ ಜಾಹೀರಾತು, ಓಡಿಹೋದ ಗುಲಾಮರನ್ನು ಹಿಡಿದುಕೊಟ್ಟವರಿಗೆ ಇನಾಮು ಎಂಬ ಪ್ರಕಟಣೆಗಳ ನಡುವೆ ಇಟ್ಟು ಓದುವುದಕ್ಕೂ ಬಹಳ ವ್ಯತ್ಯಾಸವಿದೆ.

ಹೋಗುವ ಮುಂಚೆಯೇ ಗ್ರಂಥಾಲಯಕ್ಕೆ ಬರೆದು, ಯಾವ ಸಂಪುಟ ಬೇಕೆಂದು ತಿಳಿಸಿ. ಓದುವ ಕೋಣೆಗೆ ಪೆನ್ನು ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಸಂಪುಟವನ್ನು ಸ್ಪಂಜಿನ ಒರಗಿನ ಮೇಲೆ ಅರ್ಧ ತೆರೆದಿಟ್ಟು, ಬಟ್ಟೆ ಹೊದಿಸಿದ ತೂಕದ ಹುರಿಯನ್ನು ಪುಟದ ಅಂಚಿಗೆ ಇಳಿಬಿಟ್ಟು ಓದುತ್ತಾರೆ. ಚಿಂದಿ ಬಟ್ಟೆಯಿಂದ ಮಾಡಿದ ಆ ಕಾಲದ ಕಾಗದ ಇವತ್ತಿಗೂ ಗಟ್ಟಿಯಾಗಿದೆ, ನೂರು ವರ್ಷ ಆಮೇಲಿನ ಪತ್ರಿಕೆಗಳು ಪುಡಿಯಾಗುವುದನ್ನು ನೋಡಿದವರಿಗೆ ಇದು ಆಶ್ಚರ್ಯವೇ.

ಮನೆಯಲ್ಲೇ ಮಾಡಬಹುದಾದ ಕೆಲಸವೂ ಇದೆ. ವಾಷಿಂಗ್ಟನ್, ಆ್ಯಡಮ್ಸ್, ಜೆಫರ್ಸನ್ ಮೊದಲಾದವರ ಪತ್ರಗಳು ‘ಫೌಂಡರ್ಸ್ ಆನ್‌ಲೈನ್’ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. 1800ರವರೆಗಿನ ಅಮೆರಿಕದ ಮುದ್ರಿತ ಕೃತಿಗಳಲ್ಲಿ ಸುಮಾರು 5,000ದಷ್ಟು ‘ಇವಾನ್ಸ್’ ಸಂಗ್ರಹದ ಪಠ್ಯಗಳಾಗಿ ಮುಕ್ತವಾಗಿವೆ. ಹುಡುಕುವಾಗ ಹೈದರನ ಹೆಸರಿನ ಎಲ್ಲ ಕಾಗುಣಿತಗಳನ್ನೂ ಕೊಡಿ: ‘ಹೈದರ್’ ಆದಮೇಲೆ ಬರುವ ‘ಅಲಿ’ಯನ್ನು ಒಬ್ಬೊಬ್ಬ ಮುದ್ರಕ ಒಂದೊಂದು ರೀತಿಯಲ್ಲಿ ಜೋಡಿಸಿದ್ದಾನೆ. ಅಂದಿನ ಉದ್ದನೆಯ ‘ಎಸ್’ ಅಕ್ಷರವನ್ನು ಕಂಪ್ಯೂಟರು ‘ಎಫ್’ ಎಂದು ಓದಿಬಿಡುವುದರಿಂದ ‘ಮೈಸೂರು’ ಎಂದು ಹುಡುಕಿದರೆ ಏನೂ ಸಿಗದೇ ಹೋಗಬಹುದು. ಸುದ್ದಿ ಇಲ್ಲವೆಂದು ತೀರ್ಮಾನಿಸುವ ಮುಂಚೆ ಇದನ್ನು ನೋಡಿಕೊಳ್ಳಿ.

ಉತ್ತರ (ನ್ಯೂಜೆರ್ಸಿಯಲ್ಲಿರುವ ಕನ್ನಡಿಗ)

ವೀಸಾ ಸಂದರ್ಶನದ ದಿನಾಂಕ ತಡವಾಗಿ ಸಿಗುವುದರಿಂದ ಆಹ್ವಾನಪತ್ರವನ್ನು ಸಂಘಟಕರಿಂದ ಈಗಲೇ ತರಿಸಿಕೊಳ್ಳಿ. ವಿದ್ಯಾರ್ಥಿಗಳಿಗೆ ಪ್ರಯಾಣ ವೆಚ್ಚದ ಸಹಾಯವಿದೆಯೇ ಎಂದು ಅದೇ ಪತ್ರದಲ್ಲಿ ಕೇಳಿ. ಕೇಳುವುದು ಅಲ್ಲಿ ಸಹಜ. ಸಮ್ಮೇಳನದ ಹೋಟೆಲು ದುಬಾರಿಯಾದರೆ ಕೋಣೆ ಹಂಚಿಕೊಳ್ಳಲು ಇನ್ನೊಬ್ಬ ವಿದ್ಯಾರ್ಥಿನಿಯನ್ನು ಹುಡುಕಿಕೊಡುವಂತೆಯೂ ಸಂಘಟಕರನ್ನು ವಿನಂತಿಸಬಹುದು.

ಉತ್ತರ (ನಿವೃತ್ತ ಪ್ರಾಧ್ಯಾಪಕಿ, ಶಿವಮೊಗ್ಗ)

ಮೈಸೂರಿನ ಅಧ್ಯಾಪಕರು ಹೇಳಿದ್ದರಲ್ಲಿ ಸಮಯದ ಮಾತನ್ನು ಒಪ್ಪುತ್ತೇನೆ, ಒಂದೇ ವಾಕ್ಯದ ಹಿನ್ನೆಲೆಯನ್ನು ಒಪ್ಪುವುದಿಲ್ಲ. ಅಲ್ಲಿ ಕುಳಿತವರಿಗೆ ಕಾರ್ನ್‌ವಾಲಿಸ್ ಎಂದರೆ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಬ್ರಿಟಿಷ್ ಸೇನಾಪತಿ. ಅದೇ ವ್ಯಕ್ತಿ 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಅರ್ಧ ರಾಜ್ಯವನ್ನು ಬಿಟ್ಟುಕೊಡಿಸಿದ ಎಂಬುದನ್ನು ನೀವು ಹೇಳದಿದ್ದರೆ ಇನ್ನಾರು ಹೇಳಬೇಕು? 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಹೈದರನಿಗೆ ಸೋತ ಸುದ್ದಿ ಲಂಡನ್ನಿನ ಮೂಲಕ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಅಮೆರಿಕಕ್ಕೆ ಮುಟ್ಟಿತ್ತು. ಜೋಷುವಾ ಬಾರ್ನಿ ಎಂಬ ಇಪ್ಪತ್ತೆರಡರ ಯುವಕ ‘ಹೈದರ್ ಅಲಿ’ ನೌಕೆಯಲ್ಲಿ ಹೋಗಿ 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿದ. ಇಷ್ಟಕ್ಕೆ ಎರಡು ನಿಮಿಷ ಕೊಡಲೇಬೇಕು.

ಆದರೆ ಆ ಹೆಸರನ್ನು ಅಮೆರಿಕನ್ನರಿಗೆ ಹೈದರನ ಮೇಲಿದ್ದ ಪ್ರೀತಿಯೆಂದು ಬಿಂಬಿಸಬೇಡಿ. ಶತ್ರುವಿನ ಶತ್ರು ಎಂಬ ಲೆಕ್ಕ ಅದರಲ್ಲಿದೆ, ಇಬ್ಬರಿಗೂ ಫ್ರೆಂಚರು ಮಿತ್ರರಾಗಿದ್ದ ಸಂಗತಿಯೂ ಇದೆ. ಫ್ರೆನೋ ತನ್ನ ಪದ್ಯದಲ್ಲಿ ಹೈದರನನ್ನು ಸ್ವಾತಂತ್ರ್ಯದ ಜ್ವಾಲೆ ತಾಕಿದ ಪೂರ್ವದೇಶದ ಅರಸ ಎಂದು ಕರೆದಿದ್ದಾನೆ. ಸಭೆಯಲ್ಲಿ ಯಾರಾದರೂ ‘ಯಾರ ಸ್ವಾತಂತ್ರ್ಯ?’ ಎಂದು ಖಂಡಿತ ಕೇಳುತ್ತಾರೆ, ಏಕೆಂದರೆ ಪೆನ್ಸಿಲ್ವೇನಿಯಾ 1780ರಲ್ಲಿ ಮಾಡಿದ ಗುಲಾಮಗಿರಿ ನಿವಾರಣೆಯ ಕಾನೂನು ಆಗಲೇ ಗುಲಾಮರಾಗಿದ್ದವರನ್ನು ಬಿಡುಗಡೆ ಮಾಡಲಿಲ್ಲ. ಮುಂದೆ ಹುಟ್ಟುವ ಅವರ ಮಕ್ಕಳೂ ಇಪ್ಪತ್ತೆಂಟು ವಯಸ್ಸಿನವರೆಗೆ ದುಡಿಯಬೇಕಿತ್ತು. ಆ ಪ್ರಶ್ನೆಗೆ ಉತ್ತರವನ್ನು ಪ್ರಬಂಧದೊಳಗೇ ಒಂದು ಪರಿಚ್ಛೇದವಾಗಿ ಬರೆದುಕೊಳ್ಳಿ. ಬರೆದದ್ದನ್ನು ಗೋಷ್ಠಿಯ ಅಧ್ಯಕ್ಷರಿಗೆ ಎರಡು ವಾರ ಮುಂಚೆ ಕಳುಹಿಸಿದರೆ ಅವರೂ ಓದಿಕೊಂಡು ಬಂದಿರುತ್ತಾರೆ.