ಹೃದಯದ ಕಾಯಿಲೆ ಇರುವ ಆಟಗಾರನಿಗೆ ‘ಆಡಬಹುದು’ ಎಂದು ಬರೆದುಕೊಟ್ಟರೆ ಹೊಣೆ ಯಾರದು?

ಪ್ರಶ್ನೆ: ತಂಡದ ಮ್ಯಾನೇಜರ್, ನಾಪೋಕ್ಲು ಕಡೆಯವರು

ಈ ಸಲದ ಕೊಡವ ಕೌಟುಂಬಿಕ ಹಾಕಿ ನಮ್ಮೆಗೆ (ಹಬ್ಬಕ್ಕೆ) ನಮ್ಮ ಒಕ್ಕದ (ಮನೆತನದ) ತಂಡ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಈ ನಮ್ಮೆಯಲ್ಲಿ ಮೀಸೆ ಮೂಡದ ಹುಡುಗರೂ ಅರವತ್ತು ದಾಟಿದ ಹಿರಿಯರೂ ಒಂದೇ ತಂಡದಲ್ಲಿ ಓಡುತ್ತಾರೆ. ಒಕ್ಕದ ಹೆಸರಿಗಾಗಿ ಆಡುವಾಗ ಯಾರನ್ನೂ ‘ನೀನು ಬೇಡ’ ಎನ್ನಲು ಬಾಯಿ ಬರುವುದಿಲ್ಲ.

ನಮ್ಮ ಸೆಂಟರ್ ಹಾಫ್ ನನ್ನ ದೊಡ್ಡಪ್ಪನ ಮಗ. ವಯಸ್ಸು 34. ಕಳೆದ ವರ್ಷ ವಿಮೆಗಾಗಿ ಮಾಡಿಸಿದ ತಪಾಸಣೆಯಲ್ಲಿ ಅವನ ಹೃದಯದ ಎರಡು ಕೆಳಕೋಣೆಗಳ ನಡುವಿನ ಗೋಡೆ 19 ಮಿಲಿಮೀಟರ್ ದಪ್ಪವಾಗಿರುವುದು ಎಕೋದಲ್ಲಿ (ಹೃದಯದ ಸ್ಕ್ಯಾನ್) ಕಂಡಿತು. ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ, ಅಂದರೆ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ, ಎಂದು ಹೇಳಿದ ಮೈಸೂರಿನ ತಜ್ಞರು ಹೃದಯದ ಬಡಿತವನ್ನು ನಿಧಾನಗೊಳಿಸುವ ಮೆಟೊಪ್ರೊಲಾಲ್ ಮಾತ್ರೆ ಬರೆದುಕೊಟ್ಟು, ಪಂದ್ಯ ಆಡಬಾರದೆಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರಂತೆ. ಅವನು ಆಡುವುದನ್ನು ಬಿಡಲಿಲ್ಲ. ಹೋದ ಭಾನುವಾರ ಅಭ್ಯಾಸದ ಮಧ್ಯೆ ಚೆಂಡು ಅವನಿಂದ ದೂರವಿದ್ದಾಗಲೇ ಮಂಡಿಯೂರಿ, ಸ್ಟಿಕ್ಕನ್ನು ನೆಲಕ್ಕೊತ್ತಿ ಕುಸಿದ. ಹೂಮಳೆ ಬಿದ್ದು ತಂಪಾಗಿದ್ದ ಸಂಜೆಯಲ್ಲೂ ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು, ತುಟಿ ಬಿಳಿಚಿತ್ತು. ಅರೆಕ್ಷಣ ಅವನಿಗೆ ನಮ್ಮ ಮಾತು ಕೇಳಿಸಲಿಲ್ಲ. ಆಮೇಲೆ ಎದ್ದು ‘ಏನೂ ಇಲ್ಲ, ಬಿಸಿಲು’ ಎಂದ. ಬಿಸಿಲೇ ಇರಲಿಲ್ಲ. ಅವನ ಜೀಪಿನಲ್ಲಿ ನೀರಿನ ಬಾಟಲಿ ಹುಡುಕುವಾಗ ಮಾತ್ರೆಯ ಹಾಳೆ ಕಂಡಿತು. ಪ್ರತಿಯೊಂದು ಗುಳಿಯಲ್ಲೂ ಅರ್ಧ ಮಾತ್ರೆ ಉಳಿದಿತ್ತು. ಪೂರ್ತಿ ತೆಗೆದುಕೊಂಡರೆ ಕಾಲು ಏಳುವುದಿಲ್ಲವೆಂದು ತಾನೇ ಅರ್ಧಕ್ಕೆ ಇಳಿಸಿದ್ದಾನೆ.

ಈಗ ಅವನು ಪರಿಚಯದ ವೈದ್ಯರೊಬ್ಬರಿಂದ ‘ಆಡಲು ಯೋಗ್ಯ’ ಎಂಬ ಪತ್ರ ತಂದಿದ್ದಾನೆ. ಅವರಿಗೆ ಎಕೋ ವರದಿಯನ್ನು ತೋರಿಸಿಯೇ ಇಲ್ಲ. ಏನಾದರೂ ಆದರೆ ತನ್ನದೇ ಹೊಣೆ ಎಂದು ಸಹಿ ಹಾಕಿಕೊಡುವುದಾಗಿಯೂ ಹೇಳುತ್ತಿದ್ದಾನೆ. ಹೀಗಿರುವಾಗ ಹೊಣೆ ಬಾಯಿಮಾತಿನಲ್ಲಿ ಹೇಳಿದ ತಜ್ಞರದೋ, ಪತ್ರ ಕೊಟ್ಟವರದೋ, ಎಲ್ಲ ತಿಳಿದೂ ಹೆಸರು ಬರೆದುಕೊಳ್ಳುವ ನನ್ನದೋ? ದಯವಿಟ್ಟು ತಿಳಿದವರು ಹೇಳಿ.

ಉತ್ತರ 1: ಹೃದ್ರೋಗ ವಿಭಾಗದ ವೈದ್ಯರು

ಮೊದಲು ತುರ್ತಿನ ಮಾತು. ಈ ಕಾಯಿಲೆ ಇರುವವರು ಓಟದ ಮಧ್ಯೆ ಪ್ರಜ್ಞೆ ತಪ್ಪಿದರೆ ಅಥವಾ ತಪ್ಪುವಂತಾದರೆ ಅದನ್ನು ನಾವು ಎಚ್ಚರಿಕೆಯ ಗಂಟೆ ಎಂದೇ ಪರಿಗಣಿಸುತ್ತೇವೆ. ತಜ್ಞರು ಮತ್ತೆ ನೋಡುವವರೆಗೆ ಅವರು ಅಭ್ಯಾಸಕ್ಕೂ ಇಳಿಯಬಾರದು. ಮಾತ್ರೆಯನ್ನು ತಾವೇ ಇಳಿಸುವುದು, ಥಟ್ಟನೆ ನಿಲ್ಲಿಸುವುದು ಎರಡೂ ಅಪಾಯ.

ಅರ್ಧ ಮಾತ್ರೆಯ ಸಂಗತಿ ಓದಿದಾಗ ನನಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಹ್ಯಾಂಕ್ ಗ್ಯಾದರ್ಸ್ ನೆನಪಾದರು. 1989ರ ಡಿಸೆಂಬರಿನಲ್ಲಿ ಅವರು ಅಂಗಳದಲ್ಲಿ ಕುಸಿದರು. ಹೃದಯದ ಬಡಿತ ತಪ್ಪುತ್ತಿರುವುದು ಪತ್ತೆಯಾಗಿ ಇದೇ ಗುಂಪಿನ ಪ್ರೊಪ್ರನೊಲಾಲ್ ಕೊಟ್ಟರು. ಮಾತ್ರೆಯಿಂದ ಆಟ ಮಂದವಾಗುತ್ತಿದೆ ಎಂದು ಅವರಿಗೆ ಅನ್ನಿಸಿತು, ಪ್ರಮಾಣ ಇಳಿಯಿತು, 1990ರ ಮಾರ್ಚ್ 4ರಂದು ಅವರು ಪಂದ್ಯದ ನಡುವೆಯೇ ಬಿದ್ದು ತೀರಿಕೊಂಡರು.

ಹೃದಯದ ತೊಂದರೆ ಎಂದಾಕ್ಷಣ ಎಲ್ಲರೂ ಆಟ ಬಿಡಬೇಕೆಂದು ನಾನು ಹೇಳುತ್ತಿಲ್ಲ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಹೃದಯ ನಿಂತು ಬಿದ್ದ ಕ್ರಿಶ್ಚಿಯನ್ ಎರಿಕ್ಸನ್, ಎದೆಯಲ್ಲಿ ಬಡಿತ ತಪ್ಪಿದರೆ ಆಘಾತ ಕೊಟ್ಟು ಸರಿಪಡಿಸುವ ಐಸಿಡಿ ಯಂತ್ರ ಹಾಕಿಸಿಕೊಂಡು, ಇಟಲಿಯ ನಿಯಮ ಅದಕ್ಕೆ ಒಪ್ಪದ ಕಾರಣ ಆ ದೇಶದ ಕ್ಲಬ್ ಬಿಟ್ಟು, 2022ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಆಡಿದರು. ಯುರೋಪಿನ ಹೃದ್ರೋಗ ತಜ್ಞರ 2020ರ ಮಾರ್ಗಸೂಚಿಯೂ ಈ ಸ್ನಾಯುವಿನ ಕಾಯಿಲೆ ಇರುವವರಲ್ಲಿ ಅಪಾಯದ ಗುರುತುಗಳೇ ಇಲ್ಲದ ಕೆಲವರಿಗೆ, ಪೂರ್ಣ ಪರೀಕ್ಷೆಯ ನಂತರ, ಆಟದ ಬಾಗಿಲನ್ನು ತೆರೆದಿಟ್ಟಿದೆ. ಆದರೆ ಕುಸಿತವೇ ಅಂಥ ಗುರುತು. ಟ್ರೆಡ್‌ಮಿಲ್, 24 ಗಂಟೆ ಹೃದಯದ ಬಡಿತ ದಾಖಲಿಸುವ ಹೋಲ್ಟರ್, ಎಂಆರ್‌ಐ ಯಾವುದನ್ನೂ ನೋಡದೆ ಸ್ಟೆತಾಸ್ಕೋಪ್ ಇಟ್ಟು ಬರೆದ ಪತ್ರಕ್ಕೆ ಇಲ್ಲಿ ಅರ್ಥವಿಲ್ಲ. ಈ ಕಾಯಿಲೆಯ ಅನೇಕರಲ್ಲಿ ಎದೆಯ ಸದ್ದು ಸಹಜವಾಗಿಯೇ ಇರುತ್ತದೆ.

ಇನ್ನೊಂದು ಮಾತು ನಿಮ್ಮ ಒಕ್ಕಕ್ಕೇ ಸಂಬಂಧಿಸಿದ್ದು. ಇದು ಬಹುಪಾಲು ರಕ್ತದಲ್ಲಿ ಇಳಿದು ಬರುವ ಕಾಯಿಲೆ. ದೋಷವಿರುವ ಜೀನ್ ತಂದೆಯಲ್ಲಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಅವರ ಮಕ್ಕಳು, ಒಡಹುಟ್ಟಿದವರು, ತಂದೆತಾಯಿ ಎಲ್ಲರಿಗೂ ಇಸಿಜಿ ಮತ್ತು ಎಕೋ ಆಗಬೇಕು. ಇದನ್ನು ತಜ್ಞರು ಮೊದಲ ದಿನವೇ ಹೇಳಬೇಕಿತ್ತು.

ಉತ್ತರ 2: ವಿರಾಜಪೇಟೆಯ ವಕೀಲರು

ಹೊಣೆಯ ಪ್ರಶ್ನೆಗೆ ಸಮೀಪದ ಉದಾಹರಣೆ ಇಂಗ್ಲೆಂಡಿನದು. ಟಾಟನ್‌ಹ್ಯಾಮ್ ಕ್ಲಬ್ಬಿನ ಯುವ ಆಟಗಾರ ರದ್ವಾನ್ ಹಮೀದ್ ಅವರ ಇಸಿಜಿಯಲ್ಲಿ ದೋಷ ಕಂಡಿತ್ತು. ಅಪಾಯದ ಮಾತು ವೈದ್ಯರ ನಡುವಿನ ಕಾಗದಗಳಲ್ಲೇ ಉಳಿಯಿತೇ ಹೊರತು ಹುಡುಗನಿಗೂ ಹೆತ್ತವರಿಗೂ ತಲುಪಲಿಲ್ಲ. 2006ರಲ್ಲಿ, 17ನೆಯ ವಯಸ್ಸಿನಲ್ಲಿ, ಪಂದ್ಯದ ನಡುವೆ ಹೃದಯ ನಿಂತು ಅವರ ಮೆದುಳಿಗೆ ತೀವ್ರ ಹಾನಿಯಾಯಿತು. 2015ರಲ್ಲಿ ಲಂಡನ್ನಿನ ಹೈಕೋರ್ಟ್ ಶೇ. 70ರಷ್ಟು ಹೊಣೆಯನ್ನು ಕ್ಲಬ್ಬಿನ ಮೇಲೂ ಶೇ. 30ರಷ್ಟನ್ನು ಹೃದ್ರೋಗ ತಜ್ಞರ ಮೇಲೂ ಹೊರಿಸಿತು. ಕಾಯಿಲೆ ಗುರುತಿಸುವುದರಷ್ಟೇ, ಅದನ್ನು ಆಡುವವನಿಗೆ ಅರ್ಥವಾಗುವಂತೆ ಹೇಳುವುದೂ ವೈದ್ಯರ ಕರ್ತವ್ಯ ಎಂಬುದು ಅಲ್ಲಿ ಮುಖ್ಯವಾಯಿತು. ಬಾಯಿಮಾತಿನ ಸಲಹೆ ಸಾಲದು ಎಂದು ನಾನು ಹೇಳುವುದು ಇದಕ್ಕೇ.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯ ಪ್ರಕಾರ ಸತ್ಯವಲ್ಲದ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ದುರ್ನಡತೆ. ನೋಂದಣಿಯನ್ನೇ ಕಳೆದುಕೊಳ್ಳುವ ಸಂಭವವಿದೆ. ಇಲ್ಲಿ ಆಟಗಾರರೇ ಕಾಯಿಲೆಯನ್ನು ಮುಚ್ಚಿಟ್ಟಿರುವುದರಿಂದ ಆ ವೈದ್ಯರು ಮೋಸ ಹೋದವರೂ ಹೌದು, ಆದರೂ ಇಸಿಜಿಯನ್ನೂ ಕೇಳದೆ ಬರೆದದ್ದು ಅವರದೇ ತಪ್ಪು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ವೈದ್ಯರ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಘೋರವಾದ ನಿರ್ಲಕ್ಷ್ಯ ಬೇಕು. ಪರಿಹಾರದ ಸಿವಿಲ್ ದಾವೆಗೆ ಅಷ್ಟು ಬೇಡ. ‘ನನ್ನದೇ ಹೊಣೆ’ ಎಂಬ ಸಹಿ ವೈದ್ಯರ ನಿರ್ಲಕ್ಷ್ಯವನ್ನು ಅಳಿಸುವುದಿಲ್ಲ.

ತಜ್ಞರು ರೋಗಿಯ ಒಪ್ಪಿಗೆಯಿಲ್ಲದೆ ನಿಮಗೆ ವಿವರ ಹೇಳಲಾರರು, ಆದ್ದರಿಂದ ಆಟಗಾರರಿಂದ ಲಿಖಿತ ಒಪ್ಪಿಗೆ ಪಡೆದು ಜೊತೆಗೇ ಹೋಗಿ. ನಿಮ್ಮ ವಿಷಯ ಸರಳ: ಅವರಿಗೆ ಆಡುವ ಆಸೆ ಇರಬಹುದು, ಆದರೆ ತಂಡದ ಪಟ್ಟಿ ಬರೆಯುವ ಕೈ ನಿಮ್ಮದು.

ಉತ್ತರ 3: ಪೊನ್ನಂಪೇಟೆಯ ಮಾಜಿ ಆಟಗಾರ

ನನಗೆ 29 ವರ್ಷವಾಗಿದ್ದಾಗ ಇದೇ ಕಾಯಿಲೆ ಎಂದು ತಿಳಿಯಿತು. ಇಬ್ಬರು ವೈದ್ಯರು ನನ್ನ ಮುಖ ನೋಡಿ ಕನಿಕರದಿಂದ ‘ಸ್ವಲ್ಪ ಸ್ವಲ್ಪ ಆಡಿ’ ಎಂದರು. ಆ ‘ಸ್ವಲ್ಪ’ವೇ ನನ್ನನ್ನು ಎರಡು ವರ್ಷ ಅಪಾಯದಲ್ಲಿ ಓಡಾಡಿಸಿತು, ಯಾಕೆಂದರೆ ಹಾಕಿಯಲ್ಲಿ ಎದುರಾಳಿ ಚೆಂಡು ಕಸಿದುಕೊಂಡು ಓಡುವಾಗ ಸ್ವಲ್ಪ ಓಡುವವನು ಯಾರೂ ಇಲ್ಲ. ಮೂರನೆಯವರು ನನ್ನ ಹೆಂಡತಿಯನ್ನೂ ಕೂರಿಸಿಕೊಂಡು, ಎಕೋದ ಚಿತ್ರದಲ್ಲಿ ಗೋಡೆಯನ್ನು ಬೆರಳಿಟ್ಟು ತೋರಿಸಿ, ‘ಪಂದ್ಯ ಬೇಡ, ನಡಿಗೆ ಬೇಕು’ ಎಂದು ಚೀಟಿಯಲ್ಲೇ ಬರೆದರು. ಆ ದಿನ ಅವರ ಮೇಲೆ ಸಿಟ್ಟು ಬಂತು. ಇವತ್ತಿಗೂ ಅವರ ಹತ್ತಿರವೇ ಹೋಗುತ್ತೇನೆ.

ನಿಮ್ಮ ತಮ್ಮ ಒಪ್ಪದಿರಬಹುದು. ಒಪ್ಪಿಸಲು ಕಾಯಬೇಡಿ, ಪಟ್ಟಿಯಿಂದ ಹೆಸರು ತೆಗೆದು ಆಮೇಲೆ ಮಾತನಾಡಿ. ಮೈದಾನದ ಪಕ್ಕದಲ್ಲಿ ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರವನ್ನೂ ಎದೆ ಒತ್ತಲು ಕಲಿತವರನ್ನೂ ಇಡುವಂತೆ ಆಯೋಜಕರನ್ನು ಕೇಳಿ. ಹೃದಯ ನಿಂತ ಮೇಲೆ ಏನೂ ಮಾಡದೆ ಕಳೆಯುವ ಒಂದೊಂದು ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ ಎಂದು ನನಗೆ ಹೇಳಿಕೊಟ್ಟಿದ್ದಾರೆ. ನಾಪೋಕ್ಲಿನಿಂದ ಮಡಿಕೇರಿಯ ಆಸ್ಪತ್ರೆಗೆ ಹೋಗುವ ರಸ್ತೆ ನಿಮಗೇ ಗೊತ್ತು.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞ. ನಿನ್ನೆ ರಾತ್ರಿ ಐನ್‌ಮನೆಯಲ್ಲಿ (ಒಕ್ಕದ ಮೂಲಮನೆಯಲ್ಲಿ) ಮಾತಾಯಿತು. ಆಟ ಬಿಡುವ ಮಾತಿಗೆ ಅವನು ಜಗ್ಗಲಿಲ್ಲ, ಎದ್ದು ಹೊರಗೆ ಹೋದ. ಆದರೆ ಕಾಯಿಲೆ ರಕ್ತದಲ್ಲಿ ಇಳಿಯಬಹುದೆಂದು ಅವನ ಹೆಂಡತಿಗೆ ಹೇಳಿದಾಗ ಬಾಗಿಲ ಬಳಿಯೇ ನಿಂತು ಕೇಳಿಸಿಕೊಂಡ. ಅವನ ಮಗನಿಗೆ ಹನ್ನೊಂದು ವರ್ಷ, ಈ ಸಲ ನಮ್ಮ ಪಟ್ಟಿಯಲ್ಲಿ ಅವನ ಹೆಸರೂ ಇತ್ತು. ಎರಡೂ ಹೆಸರನ್ನು ಸದ್ಯಕ್ಕೆ ತೆಗೆದಿದ್ದೇನೆ. ಬುಧವಾರ ಇಬ್ಬರನ್ನೂ ಕರೆದುಕೊಂಡು ಮೈಸೂರಿಗೆ ಹೊರಡುತ್ತೇವೆ. ಎಕೋ ವರದಿ ಸಿಕ್ಕಿದೆ, ಹಳೆಯ ಇಸಿಜಿ ಸಿಕ್ಕಿಲ್ಲ. ಅದಿಲ್ಲದೆ ಹೋದರೆ ತೊಂದರೆಯಾಗುತ್ತದೆಯೇ?

ಉತ್ತರ 1 ಬರೆದ ವೈದ್ಯರು

ಇಲ್ಲ, ಇಸಿಜಿಯನ್ನು ಅಲ್ಲಿಯೇ ಹೊಸದಾಗಿ ತೆಗೆಯುತ್ತಾರೆ. ಭಾನುವಾರ ಕುಸಿದದ್ದನ್ನು ಕಣ್ಣಾರೆ ಕಂಡವರು ನೀವು. ಒಳಗೆ ನೀವೂ ಹೋಗಿ ಅದನ್ನು ನೀವೇ ವಿವರಿಸಿ. ಆ ಮಾತ್ರೆಯ ಹಾಳೆಯನ್ನೂ ಮರೆಯದೆ ಒಯ್ಯಿರಿ.