ಘಟಕ ಪರೀಕ್ಷೆಯಲ್ಲಿ "ಕಲಿತಿದ್ದಾರೆ" ಅನ್ನೋಕೆ ಎಷ್ಟು ಅಂಕ? ಮೂರು ಸೆಕ್ಷನ್, ಮೂರು ಲೆಕ್ಕ

ಭಿನ್ನರಾಶಿ_6
6ನೇ ತರಗತಿ ಗಣಿತ. ಮೂರು ಸೆಕ್ಷನ್, ಮೂವರು ಶಿಕ್ಷಕರು. ಭಿನ್ನರಾಶಿ ಘಟಕಕ್ಕೆ 20 ಅಂಕದ ಪರೀಕ್ಷೆ: ನಾಲ್ಕು ಕಲಿಕಾ ಫಲ (ಘಟಕದಲ್ಲಿ ಮಗು ಕಲಿಯಬೇಕಾದ ಒಂದೊಂದು ಕೌಶಲ), ಒಂದೊಂದಕ್ಕೂ ಒಂದಂಕದ 5 ಪ್ರಶ್ನೆ. ಪತ್ರಿಕೆ ಆಯಾ ಸೆಕ್ಷನ್‌ನವರದೇ. ಎ ಸೆಕ್ಷನ್‌ನಲ್ಲಿ ಶೇ. 80 ಬಂದರೆ ಕಲಿತ ಹಾಗೆ, ಬಿ ಸೆಕ್ಷನ್‌ನಲ್ಲಿ 60, ಸಿ ಸೆಕ್ಷನ್‌ನಲ್ಲಿ 35 ಸಾಕು. ಪರಿಹಾರ ಬೋಧನೆಯ (ಕಲಿಯದವರಿಗೆ ಮತ್ತೆ ಕಲಿಸೋದರ) ಪಟ್ಟಿ ಇದರಿಂದಲೇ ತಯಾರಾಗೋದು, ಹಾಗಾಗಿ ಒಂದೇ ಮಟ್ಟದ ಮಗು ಒಂದು ಸೆಕ್ಷನ್‌ನಲ್ಲಿ ಪಟ್ಟಿಯೊಳಗೆ, ಇನ್ನೊಂದರಲ್ಲಿ ಹೊರಗೆ. ಎಲ್ಲರೂ 80 ಅಂತ ಹಿಡಿದರೆ ಮುಗೀತಲ್ವಾ?

ಗಡಿಗೆರೆ
ಮುಗಿಯಲ್ಲ ಸರ್. ಸುಲಭದ ಪತ್ರಿಕೆಯ 80 ಬೇರೆ, ಕಷ್ಟದ ಪತ್ರಿಕೆಯ 80 ಬೇರೆ. 35 ಎಸ್ಸೆಸ್ಸೆಲ್ಸಿ ಪಾಸಿನ ಹಳೆಯ ರೂಢಿಯಿಂದ ಬಂದದ್ದು, ಅದಕ್ಕೂ ಒಂದು ಘಟಕ ಕೈವಶವಾಗೋದಕ್ಕೂ ಸಂಬಂಧವೇ ಇಲ್ಲ.

ಮೊದಲು ಒಟ್ಟು ಅಂಕಕ್ಕೆ ಗಡಿ ಹಾಕೋದನ್ನ ಬಿಡಿ. 5+5+5+1 ತೆಗೆದ ಮಗುವಿಗೆ 16 ಅಂಕ, ಸರಿಯಾಗಿ ಶೇ. 80. ಆದರೆ ಆ ನಾಲ್ಕನೆಯದು ಅದಕ್ಕೆ ಬರೋದೇ ಇಲ್ಲ. ಗಡಿ ಪ್ರತಿ ಕಲಿಕಾ ಫಲಕ್ಕೂ ಬೇರೆಯಾಗಿಯೇ ಇರಬೇಕು.

ಗಡಿ ಕಂಡುಹಿಡಿಯೋಕೆ 1971ರಲ್ಲಿ ಅಮೆರಿಕದ ಪರೀಕ್ಷಾ ತಜ್ಞ ವಿಲಿಯಂ ಆ್ಯಂಗಾಫ್ ವಿವರಿಸಿದ ವಿಧಾನ ಶಾಲೆಗೂ ಆಗುತ್ತೆ. ಮೂವರೂ ಕೂತು "ಈಗಷ್ಟೇ ಸಾಕು ಅನ್ನುವಷ್ಟು ಕಲಿತ ಮಗು" ಏನು ಮಾಡುತ್ತೆ, ಎಲ್ಲಿ ಎಡವುತ್ತೆ ಅಂತ ನಾಲ್ಕು ಸಾಲು ಬರೀರಿ. ಉದಾಹರಣೆಗೆ, ಛೇದ ಬೇರೆ ಇದ್ದಾಗ 1/2 + 1/3 = 2/5 ಅಂತ ಬರೆಯಲ್ಲ, ಆದರೆ ಮಿಶ್ರ ಸಂಖ್ಯೆಯಲ್ಲಿ ಗಡಿಬಿಡಿ ಆಗಬಹುದು. ಆಮೇಲೆ ಪ್ರತಿ ಪ್ರಶ್ನೆಗೂ, ಅಂಥ ಹತ್ತು ಮಕ್ಕಳಲ್ಲಿ ಎಷ್ಟು ಜನ ಸರಿ ಮಾಡ್ತಾರೆ ಅಂತ ಒಬ್ಬರಿಗೊಬ್ಬರು ತೋರಿಸದೆ ಬರೀರಿ. ಕೂಡುವ ಲೆಕ್ಕಕ್ಕೆ ಹೀಗೆ ಬರಬಹುದು:

3/8 + 2/8: 9
1/2 + 1/4: 7
2/3 + 1/5: 6
ಒಂದೂವರೆ + 2/3: 5
ಹಾಲಿನ ಲೀಟರಿನ ವಾಕ್ಯರೂಪದ ಲೆಕ್ಕ: 5

ಮೊತ್ತ 32, ಹತ್ತರಿಂದ ಭಾಗಿಸಿದರೆ 3.2, ಐದಕ್ಕೆ ಅದೇ ಗಡಿ. ಮೂವರ ಅಂದಾಜಿನಲ್ಲಿ 2ಕ್ಕಿಂತ ಹೆಚ್ಚು ಅಂತರ ಬಂದ ಪ್ರಶ್ನೆಗಳನ್ನ ಮಾತ್ರ ಚರ್ಚಿಸಿ, ಇನ್ನೊಮ್ಮೆ ಬರೆದು ಸರಾಸರಿ ತಗೊಳ್ಳಿ. 3.2 ಅನ್ನೋದು 4 ಆಗಬೇಕೋ 3 ಆಗಬೇಕೋ ಮೊದಲೇ ನಿರ್ಧರಿಸಿ. ಮೇಲಕ್ಕೇರಿಸಿದರೆ ಲೆಕ್ಕ ಬರೋರೂ ಕೆಲವರು ಪರಿಹಾರ ಬೋಧನೆಗೆ ಸೇರ್ತಾರೆ, ಇಳಿಸಿದರೆ ಲೆಕ್ಕ ಬರದವರು ಪಟ್ಟಿಯಿಂದ ತಪ್ಪಿಸಿಕೊಳ್ತಾರೆ. ಘಟಕ ಪರೀಕ್ಷೆಗೆ ಮೇಲಕ್ಕೇರಿಸೋದೇ ವಾಸಿ, ಎರಡು ಪಿರಿಯಡ್ ಹೆಚ್ಚು ಕೂತರೆ ಮಗುವಿಗೇನೂ ನಷ್ಟವಿಲ್ಲ.

ಎಲ್ಲರೂ ಮುಗ್ಗರಿಸೋ ಜಾಗ ಒಂದಿದೆ: ಗಡಿಯ ಮಗುವಿನ ಬದಲು ಮುಂದಿನ ಬೆಂಚಿನ ಮಗು ಮನಸ್ಸಿಗೆ ಬರುತ್ತೆ, ಅಂದಾಜು ಮೇಲೇರುತ್ತೆ.

ಅಂಕಿ_ಅಂಶ
ಇದಕ್ಕೆ ಒಂದು ಸೇರಿಸ್ತೀನಿ. ಐದೇ ಪ್ರಶ್ನೆಯಿಂದ ಖಚಿತ ತೀರ್ಮಾನ ಸಿಗಲ್ಲ. ಈ ಬಗೆಯ ಲೆಕ್ಕಗಳಲ್ಲಿ ಶೇ. 80 ಸರಿ ಮಾಡಬಲ್ಲ ಮಗುವೂ "5ರಲ್ಲಿ 4" ಗಡಿಯನ್ನ ತಪ್ಪಿಸಿಕೊಳ್ಳುವ ಸಾಧ್ಯತೆ ಶೇ. 26. ಶೇ. 60 ಮಾತ್ರ ಬಲ್ಲ ಮಗು ದಾಟಿಬಿಡುವ ಸಾಧ್ಯತೆ ಶೇ. 34. ಹತ್ತು ಪ್ರಶ್ನೆ ಇಟ್ಟು 8 ಅಂದರೆ ಆ 34 ಇಳಿದು 17 ಆಗುತ್ತೆ. ಗಡಿಯ ಮೇಲೇ ನಿಂತ ಮಗುವಿಗೆ ಮಾತ್ರ ಎಷ್ಟು ಪ್ರಶ್ನೆ ಕೊಟ್ಟರೂ ಅದೃಷ್ಟದಾಟ ತಪ್ಪಲ್ಲ.

ಅದಕ್ಕೇ ಗಡಿಯ ಹತ್ತಿರದವರನ್ನ ಬೇರೆ ನೋಡಿ. ಗಡಿ 4 ಆದರೆ, 3 ಬಂದವರಿಗೆ ಅದೇ ಬಗೆಯ ಇನ್ನೂ ಮೂರು ಲೆಕ್ಕ ಸ್ಲೇಟಿನಲ್ಲಿ ಮಾಡಿಸಿ. ಎರಡೂ ಸೇರಿ ಎಂಟಕ್ಕೆ ಆರು ಬಂದರೆ ಪಟ್ಟಿಯಿಂದ ಬಿಡಿ. ಸಮಯವಿದ್ದರೆ 4 ಬಂದವರಿಗೂ ಮಾಡಿಸಿ, ಜಾರಿಕೊಂಡವರು ಅಲ್ಲೇ ಇರೋದು.

ನಾಲ್ಕು ಆಯ್ಕೆಯ ಪ್ರಶ್ನೆಗಳಿದ್ದರೆ ಕಣ್ಣುಮುಚ್ಚಿ ಗುರುತು ಹಾಕಿದರೂ ಐದರಲ್ಲಿ ಕನಿಷ್ಠ 3 ಬರೋ ಸಾಧ್ಯತೆ ಸುಮಾರು ಶೇ. 10. 4 ಬರೋದು ಶೇ. 2ಕ್ಕಿಂತ ಕಡಿಮೆ. ಅಂಥ ಪ್ರಶ್ನೆಗೆ "ಹತ್ತರಲ್ಲಿ ಒಬ್ಬ" ಅಂತ ಅಂದಾಜು ಬರೀಬೇಡಿ, ಊಹೆಯಿಂದಲೇ ಎರಡು-ಮೂರು ಜನ ಸರಿ ಮಾಡ್ತಾರೆ.

ಭಿನ್ನರಾಶಿ_6
ಮೂರೂ ಪತ್ರಿಕೆ ಒಂದೇ ಮಾಡೋಕೆ ಆಗಲ್ಲ, ಪರೀಕ್ಷೆ ಬೇರೆ ಬೇರೆ ದಿನ, ಪ್ರಶ್ನೆ ಸೋರುತ್ತೆ. ಮುಂದಿನ ಘಟಕದಿಂದ ಒಂದಂಕದ್ದು ಬಿಟ್ಟು ಎರಡಂಕದ ಲೆಕ್ಕವೂ ಇರುತ್ತೆ.

ಗಡಿಗೆರೆ
ಹಾಗಾದರೆ ಗಡಿಯ ಮಗುವಿನ ಆ ನಾಲ್ಕು ಸಾಲು ಮೂವರಿಗೂ ಒಂದೇ ಇರಲಿ, ಅಂದಾಜು ಮಾತ್ರ ಪ್ರತಿ ಪತ್ರಿಕೆಗೂ ಹೊಸದಾಗಿ ಮಾಡಿ. ಒಂದರಲ್ಲಿ 3, ಇನ್ನೊಂದರಲ್ಲಿ 4 ಬಂದರೆ ಗಾಬರಿ ಬೇಡ, ಪತ್ರಿಕೆಯ ಕಷ್ಟ ಬೇರೆ ಅಂತಷ್ಟೇ. ಮೊದಲ ಸಲ 20 ಪ್ರಶ್ನೆಗೆ ಒಂದು ಗಂಟೆ ಹಿಡಿದೀತು.

ಪ್ರತಿ ಕಲಿಕಾ ಫಲಕ್ಕೆ ಎರಡು ಪ್ರಶ್ನೆ ಮೂರೂ ಪತ್ರಿಕೆಯಲ್ಲಿ ಸಮಾನವಾಗಿರಲಿ. ಸೋರೋ ಭಯಕ್ಕೆ ಸಂಖ್ಯೆ ಬದಲಿಸಿ, ಆದರೆ 1/2 + 1/4 ಇದ್ದಲ್ಲಿ 3/7 + 2/9 ತುರುಕಬೇಡಿ, ಕಷ್ಟವೇ ಬದಲಾಗುತ್ತೆ. ಸಮಾನ ಪ್ರಶ್ನೆಗಳಲ್ಲಿ ಎರಡು ಸೆಕ್ಷನ್ ಸರಿಸಮ ಇದ್ದೂ, ಗಡಿ ದಾಟಿದವರು ಒಂದರಲ್ಲಿ ತೀರಾ ಹೆಚ್ಚಿದ್ದರೆ ಆ ಪತ್ರಿಕೆಯ ಅಂದಾಜನ್ನ ಮತ್ತೆ ನೋಡಿ.

ಕೆಂಪುಪೆನ್ನು
ಎರಡಂಕದ ಲೆಕ್ಕಕ್ಕೆ ಗಡಿಗಿಂತ ಮೊದಲು ಅಂಕ ಹಂಚಿಕೆ ಒಂದಾಗಲಿ. ಛೇದ ಸಮ ಮಾಡಿದ್ದಕ್ಕೆ 1, ಮೊತ್ತಕ್ಕೆ 1. 6/8 ಅಂತ ಬಿಟ್ಟು 3/4 ಮಾಡದಿದ್ದರೆ ಕಳೀಬೇಕೋ ಬೇಡವೋ ಬರೆದಿಡಿ, ಜಗಳ ಅಲ್ಲೇ ಶುರುವಾಗೋದು. ಐದೈದು ಉತ್ತರ ಪತ್ರಿಕೆ ಅದಲು ಬದಲು ಮಾಡಿ ತಿದ್ದಿ. ಯಾವುದೇ ಕಲಿಕಾ ಫಲದಲ್ಲಿ 1ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಉಳಿದದ್ದನ್ನ ಮುಟ್ಟೋ ಮೊದಲು ಹಂಚಿಕೆ ಸರಿಮಾಡಿ.

ಫಲಿತಾಂಶ ನೋಡಿ, ಅರ್ಧ ತರಗತಿ ಪಟ್ಟಿಗೆ ಬಂತು ಅಂತ ಗಡಿ ಇಳಿಸೋ ಹಾಗಿಲ್ಲ. ಚೆನ್ನಾಗಿ ಮಾಡೋ ಮಕ್ಕಳೂ ಸೇರಿ ಎಲ್ಲರೂ ಒಂದೇ ಪ್ರಶ್ನೆ ತಪ್ಪಿದ್ದರೆ ಪ್ರಶ್ನೆಯೋ ಮಾದರಿ ಉತ್ತರವೋ ಕೆಟ್ಟಿರುತ್ತೆ. ಅದನ್ನ ತೆಗೆದುಹಾಕಿ, ಅದರ ಅಂದಾಜನ್ನೂ ಮೊತ್ತದಿಂದ ಕಳೀರಿ. ಮೇಲಿನ ಉದಾಹರಣೆಯಲ್ಲಿ ಹಾಲಿನ ಲೆಕ್ಕ ಹೋದರೆ 3.2 ಅನ್ನೋದು 2.7 ಆಗುತ್ತೆ, ಗಡಿ ನಾಲ್ಕರಲ್ಲಿ 3.